ಒಲೆ ಆರಿಸಿದ ಊರು

ಉತ್ತರದ ತುದಿಯಲ್ಲಿ, ಬಸ್ಸು ಕೂಡ ಸುಸ್ತಾಗಿ ಹಿಂದಕ್ಕೆ ತಿರುಗುವ ಜಾಗದಲ್ಲಿದ್ದ ಆ ಊರಿಗೆ ನರ್ಸಮ್ಮ ಬಂದಾಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ. ಕೆಲಸ ಸಿಕ್ಕಿದ ಖುಷಿಯಲ್ಲಿ ಊರು ಎಲ್ಲಿದೆಯೆಂದು ವಿಚಾರಿಸದೆ ಒಪ್ಪಿಕೊಂಡುಬಿಟ್ಟವಳು. ಮೊದಲ ಚಳಿಗಾಲವಿಡೀ ಅತ್ತಳು. ಎರಡನೆಯ ಚಳಿಗಾಲದಲ್ಲಿ ಅಳುವುದಕ್ಕೆ ಪುರುಸೊತ್ತು ಸಿಗಲಿಲ್ಲ. ಊರ ತುಂಬ ವಯಸ್ಸಾದವರೇ. ಒಬ್ಬರಿಗೆ ಬಿಪಿ, ಒಬ್ಬರಿಗೆ ಸಕ್ಕರೆ, ಇನ್ನೊಬ್ಬರಿಗೆ ಕಾಲು ಊತ. ಏನೂ ಇಲ್ಲದವರಿಗೆ ತಮಗೇನೂ ಇಲ್ಲವಲ್ಲ ಎಂಬ ಚಿಂತೆ. ಎರಡು ಕೋಣೆಯ ಅವಳ ಆಸ್ಪತ್ರೆಯಲ್ಲಿ ಒಮ್ಮೆ ವೈರು ಸುಟ್ಟುಹೋಗಿ ರಿಪೇರಿಗೆ ಬಂದ ಲೈನ್‌ಮನ್ ಅರ್ಧ ದಿನದ ಕೆಲಸವನ್ನು ವಾರಗಟ್ಟಲೆ ಎಳೆದ. ಊರಿಗೆಲ್ಲ ವಿಷಯ ಗೊತ್ತಾದ ಮೇಲೆ ಅವರಿಬ್ಬರಿಗೂ ಗೊತ್ತಾಯಿತು. ಮದುವೆಯಾದರು.

ಮಗು ಹುಟ್ಟಿದ್ದು ಹಿಮ ಬಿದ್ದು ದಾರಿ ಮುಚ್ಚಿಹೋದ ದಿನ. ನೋವು ತಿನ್ನುತ್ತ ಮಲಗಿದ್ದ ನರ್ಸಮ್ಮನೇ ಮುಂದೇನು ಮಾಡಬೇಕೆಂದು ಹೇಳಿಕೊಟ್ಟಳು, ಅಂಗಡಿಯಮ್ಮ ಮಾಡಿದಳು. ಅಂಗಡಿಯಮ್ಮ ಎಂದರೆ ಊರಿನ ಏಕೈಕ ಅಂಗಡಿಯ ಒಡತಿ, ಗುಟ್ಟು ಹೇಳಿದರೂ ಪಕ್ಕದ ಬೆಟ್ಟಕ್ಕೆ ಕೇಳಿಸುವಂಥ ಗಂಟಲು. "ಗಂಡು! ಗಂಡು!" ಎಂದು ಅವಳು ಕೂಗಿದ್ದಕ್ಕೆ ಯಾರೂ ಬೇರೆ ಸುದ್ದಿ ಮುಟ್ಟಿಸಬೇಕಾಗಿ ಬರಲಿಲ್ಲ. ಆ ಊರಲ್ಲಿ ಮಗು ಹುಟ್ಟಿ ಎಷ್ಟು ಕಾಲವಾಗಿತ್ತೆಂದರೆ ಇದಕ್ಕೆ ಹಿಂದಿನ ಮಗು ಆಗಲೇ ಎಲ್ಲೋ ಲಾರಿ ಓಡಿಸಿಕೊಂಡಿತ್ತು. ಎದುರು ಮನೆಯ ಬಡಗಿ ತಾತ ವರ್ಷಗಟ್ಟಲೆ ಬರೀ ಶವಪೆಟ್ಟಿಗೆ ಮಾಡಿ ಬೇಸತ್ತಿದ್ದವನು, ಯಾರೂ ಕೇಳದೆಯೇ ತೊಟ್ಟಿಲು ಮಾಡಿ ಹೊತ್ತು ತಂದ. "ಅಳತೆ ಸ್ವಲ್ಪ ಹೆಚ್ಚುಕಮ್ಮಿ ಆಗಿರಬಹುದಮ್ಮ, ದೊಡ್ಡದು ಮಾಡಿ ಮಾಡಿ ಅದೇ ಅಭ್ಯಾಸ" ಎಂದ. ನಿಜಕ್ಕೂ ಅದರಲ್ಲಿ ಮೂರು ಕೂಸು ಆರಾಮಾಗಿ ಮಲಗಬಹುದಿತ್ತು.

ಮಗುವಿಗೆ ಅಪ್ಪ ಅಮ್ಮ ಇಟ್ಟ ಹೆಸರು ಅವರಿಗೇ ಮರೆತುಹೋಗುವಂತೆ ಊರು ಅವನನ್ನು 'ಯಜಮಾನ್ರು' ಎಂದು ಕರೆಯತೊಡಗಿತು. ಅಪ್ಪ ಕಂಬದ ಮೇಲೆ, ಅಮ್ಮ ಮನೆಮನೆ ಸುತ್ತಾಟದಲ್ಲಿ; ಯಜಮಾನ್ರು ಬೆಳೆದದ್ದು ಅಂಗಡಿಯಮ್ಮನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಮತ್ತು ಅದಕ್ಕಿಂತ ಹೆಚ್ಚಾಗಿ ಬಡಗಿ ತಾತನ ಕೆಲಸದ ಕೊಠಡಿಯಲ್ಲಿ, ಮರದ ಹೊಟ್ಟಿನ ಮೇಲೆ. ನಡೆಯಲು ಕಲಿತದ್ದೇ ಕೈ ಹಿಂದಕ್ಕೆ ಕಟ್ಟಿಕೊಂಡು. ಕೂರುವಾಗ ಮಂಡಿ ಹಿಡಿದು "ಅಯ್ಯೋ ಅಮ್ಮಾ" ಎನ್ನುತ್ತಿದ್ದ. ನೀರು ಕುಡಿದರೆ "ಹಾ" ಎಂದು ಬಾಯೊರೆಸಿಕೊಳ್ಳುತ್ತಿದ್ದ. ಬೆಳಿಗ್ಗೆ ಎದ್ದು ಕಿಟಕಿಯ ಹತ್ತಿರ ನಿಂತು, ತೊದಲು ಮಾತಿನಲ್ಲಿ, "ಈ ಸಲ ಚಳಿ ಜಾಸ್ತಿ" ಎಂದು ತಲೆಯಾಡಿಸುತ್ತಿದ್ದ. ಅವನು ಬಾಯಿ ಬಿಟ್ಟರೆ ಊರೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ನರ್ಸಮ್ಮನೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

ತನ್ನ ಆಸ್ಪತ್ರೆಯಲ್ಲಿ ಸಿಗದ ಒಂದು ಲಸಿಕೆ ಹಾಕಿಸಲು ಅವನನ್ನು ಕೆಳಗಿನ ಪಟ್ಟಣದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ ಈ ನಗುವಿಗೆ ಕುತ್ತು ಬಂತು. ಕಾಯುವ ಕೋಣೆಯ ತುಂಬ ಮಕ್ಕಳು. ಕೆಂಪು ಚೆಂಡು ಹಿಡಿದಿದ್ದ ಒಂದು ಹುಡುಗಿ ಓಡಿ ಬಂದು "ಬಾ, ಆಡೋಣ" ಎಂದಳು. ಯಜಮಾನ್ರು ಎರಡು ಹೆಜ್ಜೆ ಹಿಂದೆ ಸರಿದು, ನರಳುತ್ತ ಬೆಂಚಿನ ಮೇಲೆ ಕೂತು, "ಬೇಡಮ್ಮ, ಮಂಡಿ ಹಿಡ್ಕೊಂಡಿದೆ" ಎಂದ. ಇಡೀ ಕೋಣೆ ಗೊಳ್ಳೆಂದಿತು.

"ಅಯ್ಯೋ ಪಾಪ, ಯಾರು ಸಾಕ್ತಿರೋದು ಇದನ್ನ?" ಎಂದಳು ಆ ಹುಡುಗಿಯ ತಾಯಿ ನಗು ತಡೆಯಲಾರದೆ. "ಯಾರೋ ತಾತನ ಹತ್ರ ಬಿಟ್ಟಿದೀರೇನು?"

"ಹೌದು, ನಾಲ್ಕು ದಿನಕ್ಕೆ ಬಿಟ್ಟಿದ್ದೆ ಅಷ್ಟೇ" ಎಂದಳು ನರ್ಸಮ್ಮ.

ಇಡೀ ಊರು ಎರಡು ವರ್ಷಕ್ಕೂ ಮೇಲೆ ಅಂಗೈಯಲ್ಲಿಟ್ಟು ಸಾಕಿದ್ದನ್ನು ಅವಳು ಒಂದೇ ಮಾತಿನಲ್ಲಿ ನಾಲ್ಕು ದಿನ ಮಾಡಿಬಿಟ್ಟಳು. ಬಾಯಿಂದ ಬಿದ್ದ ಕ್ಷಣವೇ ಮುಖ ಬಿಸಿಯಾಯಿತು. ಅಷ್ಟರಲ್ಲಿ ಆ ಹುಡುಗಿ ಯಜಮಾನ್ರ ಕೈ ಮುಟ್ಟಲು ಹೋದಳು, ಅವನು ಕಿರುಚಿಕೊಂಡು ಅಮ್ಮನ ಹಿಂದೆ ಅಡಗಿದ. ಸೂಜಿ ಚುಚ್ಚಿದಾಗಲೂ ಅಷ್ಟು ಹೆದರಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಅವನು ಕೇಳಿದ: "ಅವರೆಲ್ಲ ಯಾರು?"

"ಮಕ್ಕಳು ಕಣೋ."

ಸ್ವಲ್ಪ ಹೊತ್ತು ಯೋಚನೆ ಮಾಡಿದ. "ಯಾಕೆ ಅಷ್ಟು ಚಿಕ್ಕೋರು?"

ಅವಳು ಆ ವಾರವೇ ವರ್ಗಾವಣೆಗೆ ಅರ್ಜಿ ಹಾಕಿದಳು. ಯಾರು ತಾನೇ ಹಾಕುತ್ತಿರಲಿಲ್ಲ ಹೇಳಿ? ಆದರೆ ಹಾಕಿದ್ದನ್ನು ಊರಿಗೆ ಹೇಳಲು ಮಾತ್ರ ನಾಲಿಗೆ ಹೊರಳಲಿಲ್ಲ. ಆದೇಶ ಬಂದೇಬಿಟ್ಟಿತು, ಹೊರಡಲು ಒಂದು ತಿಂಗಳೂ ಇರಲಿಲ್ಲ.

"ಇದ್ದದ್ದು ಇದ್ದ ಹಾಗೆ ಹೇಳಿಬಿಡು" ಎಂದ ಗಂಡ.

"ಏನಂತ? ನಿಮ್ಮ ಜೊತೆ ಇದ್ದು ಇದ್ದು ನನ್ನ ಮಗ ಮುದುಕ ಆಗ್ತಿದಾನೆ, ಅದಕ್ಕೇ ದೂರ ಕರ್ಕೊಂಡು ಹೋಗ್ತಿದೀನಿ ಅಂತಾನಾ?"

"ಹಾಗೇ ಹೇಳಕ್ಕಾಗತ್ತಾ? ಸ್ವಲ್ಪ ಸಕ್ಕರೆ ಬೆರೆಸಿ ಹೇಳು."

"ನೀವೇ ಬೆರೆಸಿ ತೋರಿಸಿ ನೋಡೋಣ."

ಅವನು ತಲೆ ಕೆರೆದುಕೊಂಡ. "ಸಕ್ಕರೆ ಸಾಲಲ್ಲ" ಎಂದು ಎದ್ದು ಹೋದ.

ಮಾರನೆಯ ದಿನ ಅಂಗಡಿಯಲ್ಲಿ ಎಲ್ಲರೂ ಚಳಿ ಕಾಯಿಸುವ ಸೌದೆ ಒಲೆಯ ಸುತ್ತ ಚಹಾ ಕುಡಿಯುತ್ತ ಕೂತಿದ್ದಾಗ ಅವಳು ವರ್ಗಾವಣೆಯ ಸುದ್ದಿ ಹೇಳಿದಳು. ಬಡಗಿ ತಾತನ ತೊಡೆಯ ಮೇಲೆ ಯಜಮಾನ್ರು ಕೂತಿದ್ದ, ತಾತ ಮಗುವಿನ ತಲೆಯ ಮೇಲೆ ಕೈಯಿಟ್ಟು, "ಯಾಕಮ್ಮ? ನಮ್ಮಿಂದ ಏನಾದ್ರೂ ತಪ್ಪಾಯ್ತಾ?" ಎಂದ.

ಆ ಒಂದು ಪ್ರಶ್ನೆ ಕೇಳದಿದ್ದರೆ ಅವಳು ಏನಾದರೂ ತೇಲಿಸಿ ಪಾರಾಗುತ್ತಿದ್ದಳೇನೋ. ಕೇಳಿಬಿಟ್ಟ. "ಇಲ್ಲ ತಾತ, ಮಗೂಗೆ ಎದೆ ವೀಕು. ಸೌದೆ ಹೊಗೆ ಆಗಿಬರಲ್ಲ ಅಂತ ದೊಡ್ಡ ಡಾಕ್ಟ್ರು ಹೇಳಿದ್ರು" ಎಂದಳು. ಹುಡುಕದೆಯೇ ಬಾಯಿಗೆ ಸಿಕ್ಕ ಸುಳ್ಳು ಅದು. ಹೊಗೆ ಎದೆಗೆ ಕೆಟ್ಟದ್ದೆಂದು ವರ್ಷಾನುಗಟ್ಟಲೆ ಊರಿಗೆ ಪಾಠ ಹೇಳಿದವಳು ಅವಳೇ ಅಲ್ಲವೇ. ನಂಬಿದರು. ಅವಳು ಕೊಟ್ಟ ಮಾತ್ರೆಯನ್ನು ಯಾವುದಕ್ಕೆಂದು ಕೇಳದೆ ನುಂಗಿದ ಜನ, ಇದನ್ನೂ ನುಂಗಿದರು. ಅಬ್ಬಾ, ಬಚಾವಾದೆ ಎಂದುಕೊಂಡು ಅವಳು ಆ ದಿನ ಹೊಟ್ಟೆ ತುಂಬ ಊಟ ಮಾಡಿದಳು.

ಮೂರನೆಯ ದಿನ ಬೆಳಿಗ್ಗೆ ಸುತ್ತಾಟಕ್ಕೆ ಹೊರಟವಳಿಗೆ ಬೀದಿ ಯಾಕೋ ಬೇರೆ ಥರ ಕಂಡಿತು. ಆಕಾಶ ತೊಳೆದಿಟ್ಟ ಹಾಗಿತ್ತು. ಒಂದೇ ಒಂದು ಹೊಗೆಗೂಡಿನಿಂದಲೂ ಹೊಗೆ ಬರುತ್ತಿರಲಿಲ್ಲ. ಮೊದಲ ಮನೆಯಲ್ಲಿ ಅಜ್ಜಿ ಎರಡು ಕೋಟು ಹಾಕಿಕೊಂಡು ಹಾಸಿಗೆಯಲ್ಲಿ ಕೂತಿದ್ದಳು. ಎರಡನೆಯ ಮನೆಯಲ್ಲಿ ಗಂಡ ಹೆಂಡತಿ ಒಂದೇ ಕಂಬಳಿಯಲ್ಲಿ; "ಮದುವೆ ಆದ ಹೊಸದರಲ್ಲೂ ಇಷ್ಟು ಹತ್ರ ಕೂತಿರಲಿಲ್ಲ" ಎಂದು ಆ ಮುದುಕ ಹಲ್ಲು ಕಟಕಟಿಸುತ್ತಲೇ ನಕ್ಕ. ನರ್ಸಮ್ಮ ಅಂಗಡಿಗೆ ಓಡಿದಳು. ಅಲ್ಲಿಯೂ ಒಲೆ ತಣ್ಣಗೆ.

"ಎಲ್ಲಾ ಸೇರಿ ಮಾತಾಡ್ಕೊಂಡ್ವಿ" ಎಂದಳು ಅಂಗಡಿಯಮ್ಮ, ದೊಡ್ಡ ಗುಟ್ಟೊಂದನ್ನು ಊರಿಗೆಲ್ಲ ಕೇಳುವಂತೆ ಹೇಳುತ್ತ. "ಅಡುಗೆಗೆ ಗ್ಯಾಸ್ ಇದೆಯಲ್ಲ. ಇನ್ನೇನು ಚಳಿಗಾಲ ಮುಗೀತು. ಹೊಗೆನೇ ಇಲ್ಲ ಅಂದ್ಮೇಲೆ ನಮ್ ಯಜಮಾನ್ರು ಯಾಕೆ ಹೋಗ್ಬೇಕು? ಹೇಳು ನೋಡೋಣ!"

ನೆಲ ಬಿರಿದು ಒಳಗೆಳೆದುಕೊಳ್ಳಬಾರದೇ ಅನ್ನಿಸಿತು ಅವಳಿಗೆ. ಆದೇಶ ಬಂದಾಗಿದೆ, ಬದಲಾಗುವುದಿಲ್ಲ, ಒಲೆ ಹಚ್ಚಿ ಎಂದು ಗದರಿದಳು, ಬೇಡಿದಳು. "ಮಗು ಊರಲ್ಲಿರೋ ತನಕ ಹಚ್ಚಲ್ಲ" ಎಂದರು. ಯಾವುದನ್ನೂ ಎದುರಾಡದ ಜನ ಇದೊಂದಕ್ಕೆ ಹಟ ಹಿಡಿದರು. ನಿಜ ಹೇಳಿದರೆ ಎಲ್ಲವೂ ನಿಮಿಷದಲ್ಲಿ ಮುಗಿಯುತ್ತಿತ್ತು. ಅವಳು ಹೇಳಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತ, ಬೆಚ್ಚಗಿನ ತನ್ನ ಕರೆಂಟು ಹೀಟರಿನ ಮುಂದೆ ಮಗನನ್ನು ಮಲಗಿಸಿಕೊಂಡಳು. ಅವಳನ್ನು ಒಳ್ಳೆಯವಳೆಂದು ತೋರಿಸಲು ನನಗೇನೂ ಅವಸರವಿಲ್ಲ; ಅವಳು ಹಾಗೆ ಮಾಡಿದ್ದು ನಿಜ.

ಬಡಗಿ ತಾತ ಜ್ವರ ಹಿಡಿದು ಮಲಗಿದ ಸುದ್ದಿ ಬಂದಾಗ ಇನ್ನು ತಡೆಯಲಾಗಲಿಲ್ಲ. ಅವನ ಬೆನ್ನಿಗೆ ಸ್ಟೆತೊಸ್ಕೋಪು ಇಟ್ಟಳು. ಒಳಗೆ ಗೊರಗೊರ ಸದ್ದು. ಕೋಣೆಯ ಮೂಲೆಯಲ್ಲಿ ಬಾಟಲಿಯ ನೀರು ಹೆಪ್ಪುಗಟ್ಟಿತ್ತು. ಮಾತಾಡದೆ ಸೌದೆ ಜೋಡಿಸಿ ಕಡ್ಡಿ ಗೀರಲು ಹೋದರೆ, ತಾತ ಎದ್ದು ಬಂದು ಒಲೆಯ ಬಾಗಿಲಿಗೆ ಅಂಗೈ ಅಡ್ಡ ಹಿಡಿದ.

"ಬೇಡಮ್ಮ. ನಿಮ್ಮನೆ ಎದುರೇ ಇರೋದು ನನ್ನ ಹೊಗೆ. ಮೊದಲು ಮಗು ಎದೆ ನೋಡು."

"ಮಗು ಎದೆಗೆ ಏನೂ ಆಗಿಲ್ಲ ತಾತ."

"ಮತ್ತೆ?"

ಹೇಳಿದಳು. ಕೆಂಪು ಚೆಂಡಿನ ಹುಡುಗಿ, ಗೊಳ್ಳೆಂದ ಕೋಣೆ, ನಾಲ್ಕು ದಿನ ಎಂದ ತನ್ನ ಮಾತು, ಎಲ್ಲವನ್ನೂ. ತಲೆ ಎತ್ತದೆ, ಸೌದೆಯ ಕಡೆ ನೋಡುತ್ತ ಹೇಳಿದಳು. ಮುಗಿದ ಮೇಲೂ ತಾತನ ಕೈ ಒಲೆಯ ಬಾಗಿಲ ಮೇಲೆಯೇ ಇತ್ತು.

"ಮಂಡಿ ನೋವು ಅನ್ನೋದು ನನ್ನಿಂದ ಕಲ್ತಿದ್ದು" ಎಂದ ಕೊನೆಗೆ.

"ತಾತ, ನಾನು ಹಾಗೆ..."

"ಮೊದಲೇ ಹೇಳಿದ್ರೆ ನಾವು ಸ್ವಲ್ಪ ನೆಟ್ಟಗೆ ಓಡಾಡ್ತಿದ್ವಲ್ಲಮ್ಮ."

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನು ಬೈಯಲಿಲ್ಲ. ಅವಳ ಕೈಯಿಂದ ಕಡ್ಡಿಪೆಟ್ಟಿಗೆ ತೆಗೆದುಕೊಂಡು ಒಲೆಯನ್ನು ತಾನೇ ಹಚ್ಚಿದ. ಬೆಂಕಿ ಹತ್ತುವ ತನಕ ಕಾದು, "ಇನ್ಯಾರಿಗಾದ್ರೂ ಹೇಳಿದೀಯಾ?" ಎಂದು ಕೇಳಿದ. ಇಲ್ಲವೆಂದಳು. "ಹೇಳ್ಬೇಡ. ಅಂಗಡಿಯಮ್ಮನಿಗೆ ಗಂಟಲು ಮಾತ್ರ ದೊಡ್ಡದು, ಇದನ್ನ ತಡ್ಕೊಳ್ಳಲ್ಲ ಅವಳು. ನಾನು ನೋಡ್ಕೋತೀನಿ."

ಅಳೆದು ನೋಡಿ ಮಾತಾಡುವ, ಒಂದು ಮೊಳೆಯ ಬಗ್ಗೆಯೂ ಸುಳ್ಳು ಹೇಳದ ಮನುಷ್ಯ ಅವನು. ಕಂಬಳಿ ಹೊದ್ದು ಕೆಮ್ಮುತ್ತ ಅಂಗಡಿಗೆ ಹೋಗಿ, ದೊಡ್ಡ ಡಾಕ್ಟರು ಮತ್ತೆ ಫೋನು ಮಾಡಿದ್ದರಂತೆ, ಹೊಗೆಯಲ್ಲವಂತೆ, ಈ ಎತ್ತರದ ಗಾಳಿಯೇ ಮಗುವಿಗೆ ಆಗುವುದಿಲ್ಲವಂತೆ ಎಂದು ಹೇಳಿದ. ಒಲೆಯನ್ನಾದರೆ ಆರಿಸಬಹುದು, ಬೆಟ್ಟವನ್ನು ಇಳಿಸುವುದು ಯಾರ ಕೈಯಲ್ಲಾಗುತ್ತದೆ? ಸಂಜೆಯೊಳಗೆ ಎಲ್ಲ ಮನೆಗಳಿಂದಲೂ ಹೊಗೆ ಏಳುತ್ತಿತ್ತು. ನರ್ಸಮ್ಮ ಕಿಟಕಿಯ ಪರದೆ ಎಳೆದುಬಿಟ್ಟಳು.

ಹೊರಡುವ ದಿನ ಊರಿಗೆ ಊರೇ ಬಸ್ಸಿನ ಹತ್ತಿರ ಬಂದಿತ್ತು. ಉಣ್ಣೆಯ ಕಾಲುಚೀಲ, ಟೋಪಿ, ಎದೆಗೆ ಬೆಚ್ಚಗಿರಲೆಂದು ಯಾರೋ ಹೊಲಿದ ಹತ್ತಿಯ ಅಂಗಿ. "ಮಗು ಎದೆಗೋಸ್ಕರ ಇಷ್ಟು ವರ್ಷದ ಬಾಳು ಬಿಟ್ಟು ಹೊರಟಿದಾಳೆ. ತಾಯಿ ಅಂದ್ರೆ ಹೀಗಿರ್ಬೇಕು ನೋಡ್ರಿ!" ಎಂದು ಅಂಗಡಿಯಮ್ಮ ಅಳುತ್ತ ಕೂಗಿದಳು. ಎಲ್ಲರೂ ಹೌದು ಹೌದೆಂದರು. ಕೆನ್ನೆಗೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಗಂಡ ಸಾಮಾನು ಏರಿಸುವ ನೆಪದಲ್ಲಿ ಬಸ್ಸಿನ ಮೇಲೆಯೇ ಉಳಿದ. ಅಪ್ಪನಿಗೆ ಕಂಬ ಇಲ್ಲದಿದ್ದರೆ ಬಸ್ಸಾದರೂ ಬೇಕು. ಬಡಗಿ ತಾತ ಎಲ್ಲರಿಗಿಂತ ಹಿಂದೆ ನಿಂತಿದ್ದ. ಯಾವಾಗಲೂ ಕೈಯಲ್ಲಿರುವ ಕೋಲನ್ನು ಅಂದು ತಂದಿರಲಿಲ್ಲ. ಯಜಮಾನ್ರು ಅವನ ಕಡೆ ಎರಡೂ ಕೈ ಚಾಚಿ ಅತ್ತರೂ ಹತ್ತಿರ ಬರಲಿಲ್ಲ.

ಪಟ್ಟಣದಲ್ಲಿ ಅವರದು ಎರಡನೆಯ ಮಹಡಿಯ ಮನೆ, ಕೆಳಗೇ ಶಿಶುವಿಹಾರ. ಮೊದಮೊದಲು ಯಜಮಾನ್ರು ಗೋಡೆಯ ಪಕ್ಕದ ಬೆಂಚು ಬಿಟ್ಟು ಏಳಲಿಲ್ಲ. ಬೇಸಿಗೆ ಬರುವ ಹೊತ್ತಿಗೆ ಒಂದು ದಿನ ತೋಳಿನ ಮೇಲೆ ಹಲ್ಲಿನ ಗುರುತು ಹೊತ್ತು ಬಂದ. ಮೂರು ಗಾಲಿಯ ಸೈಕಲ್ಲಿಗಾಗಿ ಜಗಳವಾಡಿ ಕಚ್ಚಿಸಿಕೊಂಡಿದ್ದ. ನರ್ಸಮ್ಮ ಔಷಧಿ ಹಚ್ಚುತ್ತ, ಬೇರೆ ತಾಯಂದಿರು ಬೆರಗಾಗುವಂತೆ, ಸಂತೋಷದಿಂದ ಅತ್ತಳು. ಆಮೇಲೆ ಅವನನ್ನು ಹಿಡಿಯುವವರೇ ಇಲ್ಲ. ಓಡಿದ, ಬಿದ್ದ, ಮಂಡಿ ತರಚಿಕೊಂಡ, ಮತ್ತೆ ಓಡಿದ. ಅವಳ ಲೆಕ್ಕಾಚಾರ ತಪ್ಪಾಗಿದ್ದರೆ ಹಿಂದಿರುಗಿ ಹೋಗಿ ಊರಿನ ಕಾಲು ಹಿಡಿಯಬಹುದಿತ್ತು. ತಪ್ಪಾಗಲಿಲ್ಲ. ಅದರಿಂದ ನಾಚಿಕೆ ಇನ್ನಷ್ಟು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಊರಿಗೆ ಬೇರೆ ನರ್ಸು ಬಂದಿರಲೂ ಇಲ್ಲ.

ಭಾನುವಾರಗಳಂದು ಅಂಗಡಿಯ ಫೋನಿನಿಂದ ಕರೆ ಬರುತ್ತಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಮಗುವಿನ ಎದೆ ಹೇಗಿದೆಯೆಂದು ಕೇಳುವರು, ಅವಳು ಸುಧಾರಿಸಿದೆ ಎನ್ನುವಳು. ಬಡಗಿ ತಾತ ಮಾತ್ರ ಒಮ್ಮೆಯೂ ಫೋನು ತೆಗೆದುಕೊಂಡವನಲ್ಲ. ಒಂದು ಭಾನುವಾರ ತೆಗೆದುಕೊಂಡ.

"ಆಟ ಆಡ್ತಾನಾ?" ಎಂದ.

"ಆಡ್ತಾನೆ ತಾತ. ಕೆಳಗೆ ಮಕ್ಕಳ ಜೊತೆ ಇದಾನೆ, ಕರೀಲಾ?"

"ಬೇಡ ಬೇಡ, ಆಡ್ಲಿ." ಆಮೇಲೆ ತಾನೇ ಕೇಳಿದ: "ನನ್ನ ನೆನೆಸ್ಕೋತಾನಾ?"

"ದಿನಾ ತಾತ. ದಿನಾ ನಿಮ್ಮದೇ ಜಪ."

"ನನ್ನ ಹತ್ರ ಸುಳ್ಳು ಬೇಡಮ್ಮ" ಎಂದ ತಾತ ಮೆಲ್ಲಗೆ. "ಮರೀಲಿ ಅಂತ ತಾನೇ ಕರ್ಕೊಂಡು ಹೋಗಿದ್ದು? ನಿಜ ಹೇಳು."

ಕೆಳಗಿನ ಅಂಗಳದಿಂದ ಮಗನ ಕೂಗಾಟ ಮೇಲಕ್ಕೆ ಕೇಳುತ್ತಿತ್ತು. ನರ್ಸಮ್ಮ ಕಿಟಕಿ ಮುಚ್ಚಿದಳು.

"ಮರೆತಿದಾನೆ ತಾತ."

"ಒಳ್ಳೇದಾಯ್ತು" ಎಂದ ತಾತ. ಫೋನು ಕೈ ಬದಲಾಯಿತು. ಕಿವಿ ಕಿತ್ತುಹೋಗುವಂತೆ ಅಂಗಡಿಯಮ್ಮನ ಗಂಟಲು: "ನರ್ಸಮ್ಮಾ, ನಮ್ ಯಜಮಾನ್ರ ಎದೆ ಹೇಗಿದೆ?"

"ಸುಧಾರಿಸಿದೆ" ಎಂದಳು ಅವಳು.