ಸ್ಪೀಕರಿನ ಮೇಲೊಂದು ಅಂಗೈ
ದಸರಾಕ್ಕೆ ಬಂದ ಹೊಸ ಕ್ಯಾಸೆಟ್ಟುಗಳಲ್ಲಿ ಯಾವುದು ಚೆನ್ನಾಗಿದೆಯೆಂದು ಬಾಗಲಗುಂಟೆಯಲ್ಲಿ ಯಮನೂರಪ್ಪನೇ ಹೇಳಬೇಕು. ಸಿನಿಮಾ ಹಾಡುಗಳಿಗೆ ಅವನ ಅಂಗಡಿಯಲ್ಲಿ ಮೂಲೆಯೇ ಗತಿ. ಊರ ಕಡೆಯ ಹುಡುಗರು ಕೈಯಿಂದ ದುಡ್ಡು ಹಾಕಿ, ಕೀಬೋರ್ಡ್ ಸೇರಿಸಿ ಮಾಡಿದ ಜಾನಪದಕ್ಕೆ ಮುಂದಿನ ಸಾಲು. “ಇದನ್ನ ಒಯ್ರಿ ಅಣ್ಣಾ, ಎದಿ ನಡಗತೈತಿ” ಎಂದನೆಂದರೆ ಪಾಳಿ ಮುಗಿಸಿ ಬಂದವರು ಮರುಮಾತಾಡದೆ ಕೊಳ್ಳುತ್ತಾರೆ. ಪೀಣ್ಯದ ಕಾರ್ಖಾನೆಯ ಪ್ರೆಸ್ ಯಂತ್ರದ ಸದ್ದು ಅವನ ಎರಡೂ ಕಿವಿಗಳನ್ನು ತಿಂದುಹಾಕಿರುವುದು ಅವರಿಗೆಲ್ಲ ಗೊತ್ತು. ಸ್ಪೀಕರಿನ ಮೇಲೆ ಅಂಗೈಯಿಟ್ಟು, ಮಗುವಿನ ಜ್ವರ ನೋಡುವವನಂತೆ ಅವನು ಹಾಡು ನೋಡುತ್ತಾನೆ. ತಾಳ ಒಂದಿಷ್ಟು ಜಾರಿದರೂ ಹುಬ್ಬು ಗಂಟಿಕ್ಕುತ್ತದೆ. ಈ ಸಲ ಎಲ್ಲಕ್ಕಿಂತ ಮುಂದೆ ಇಟ್ಟಿರುವುದು ಮಗಳು ಮಹಾದೇವಿಯ ಮೊದಲ ಕ್ಯಾಸೆಟ್ಟು. ಯಾರೇ ಬರಲಿ, ಅದನ್ನೇ ಹಾಕುತ್ತಾನೆ. ಕೀಬೋರ್ಡು ಗುಡುಗಿದಾಗ ಅವನ ಮುಖ ಅರಳುತ್ತದೆ. ಆಮೇಲೆ ವಾದ್ಯಗಳೆಲ್ಲ ನಿಂತು, ಮಹಾದೇವಿ ಒಬ್ಬಳೇ ಸಣ್ಣ ದನಿಯಲ್ಲಿ ಹಾಡತೊಡಗುತ್ತಾಳೆ. ಬೀದಿಗೆಲ್ಲ ಕೇಳುವ ಆ ದನಿ ಅಪ್ಪನ ಅಂಗೈಗೆ ಮಾತ್ರ ತಗಲುವುದಿಲ್ಲ. “ರೀಲ್ ಸಿಕ್ಕೊಂಡೈತ್ರಿ” ಎನ್ನುತ್ತ ಅವನು ಹಾಡನ್ನು ಅರ್ಧಕ್ಕೇ ನಿಲ್ಲಿಸಿ, ಕ್ಯಾಸೆಟ್ಟು ತೆಗೆದು, ಪೆನ್ಸಿಲ್ ತೂರಿಸಿ ಮೆಲ್ಲಗೆ ತಿರುಗಿಸುತ್ತಾನೆ. ಎದುರಿಗಿದ್ದ ಗಿರಾಕಿ ಹೌದೆಂದು ತಲೆಯಾಡಿಸುತ್ತಾನೆ.