ಬಸ್ಸಿನವರೆಲ್ಲ ಸಾಕ್ಷಿ ಹೇಳಿದ ದಿನ

ದುಬಲಗುಂಡಿಯಿಂದ ಹುಮನಾಬಾದಿಗೆ ಹೋಗುವ ಬೆಳಗಿನ ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ನಾವೇ ಗಾಬರಿಯಾಗುತ್ತಿದ್ದೆವು. ಎಪ್ಪತ್ತರ ದಶಕದ ಮಾತು. ನಾನು ಹುಮನಾಬಾದಿನ ಶಾಲೆಯಲ್ಲಿ ಹತ್ತನೆಯ ತರಗತಿಯಲ್ಲಿದ್ದೆ. ತಡವಾಗಿ ಬಂದವರಿಗೆ ಆ ದಿನ ಗೈರುಹಾಜರಿ ಎಂಬುದು ನಮ್ಮ ಹೆಡ್ಮಾಸ್ತರರ ಕಾನೂನು. ಗೈರುಹಾಜರಿ ಬೆಳೆದು ಬೆಳೆದು, ಪರೀಕ್ಷೆಗೆ ಎರಡು ತಿಂಗಳಿರುವಾಗ ಹಾಜರಿ ಪಟ್ಟಿಯಿಂದ ನನ್ನ ಹೆಸರನ್ನೇ ಹೊಡೆದುಹಾಕಿದರು. ಯಾಕೆ, ಏನು ಎಂದು ಒಂದು ಮಾತು ಕೇಳಲಿಲ್ಲ. ಅಪ್ಪ ಅದಕ್ಕೇ ಕಾದಂತಿದ್ದ. ಶಾಲೆಯಂತೂ ಮುಗಿಯಿತಲ್ಲ, ಮದುವೆ ಮಾಡಿಬಿಡೋಣ ಎಂದು ಕೊಹಿನೂರವೆಂಬ ಊರಿನಲ್ಲಿ ಒಂದು ಮನೆತನ ನೋಡಿಯೂ ಬಂದ. ನಾನು ಎರಡು ದಿನ ಉಣ್ಣಲಿಲ್ಲ. ಹೊಟ್ಟೆ ತುಂಬ ಸಿಟ್ಟೇ ಇತ್ತು.

ಬಸವಕಲ್ಯಾಣದ ವಕೀಲರೊಬ್ಬರ ಬಳಿ ಗುಮಾಸ್ತನಾಗಿದ್ದ ಸೋದರಮಾವ ಬಂದಾಗ ಅವನ ಮುಂದೆ ಅತ್ತುಬಿಟ್ಟೆ. ಅವನು ನಕ್ಕುಬಿಟ್ಟ. ವಿದ್ಯಾರ್ಥಿಯನ್ನು ಶಾಲೆಯಿಂದ ತೆಗೆಯುವ ಮೊದಲು ಅವರ ಮಾತು ಕೇಳಲೇಬೇಕೆಂದು ದೊಡ್ಡ ಕೋರ್ಟುಗಳೇ ತೀರ್ಪು ಕೊಟ್ಟಿವೆ, ನಮ್ಮ ವಕೀಲರ ಕಪಾಟಿನಲ್ಲಿ ಅಂಥವು ಬೇಕಾದಷ್ಟಿವೆ ಎಂದ. ಅರ್ಜಿ ತಾನೇ ಬರೆದುಕೊಟ್ಟ. ಸಾಕ್ಷಿ ಇದ್ದರೆ ಕರೆದುಕೊಂಡು ಹೋಗು ಎಂದೂ ಹೇಳಿದ.

ಸಾಕ್ಷಿಯ ಮಾತನ್ನು ನಾನು ಮರುದಿನ ಅರ್ಜಿ ಹಿಡಿದು ಶಾಲೆಗೆ ಹೊರಟಾಗ ಬಸ್ಸಿನಲ್ಲಿ ಕಂಡಕ್ಟರನ ಮುಂದೆ ಬಾಯಿಬಿಟ್ಟೆ. ನಮ್ಮ ಕಡೆ ಸಾಕ್ಷಿ ಎಂದರೆ ಒಬ್ಬಿಬ್ಬರಿಗೆ ಮುಗಿಯುವ ಕೆಲಸವೇ ಅಲ್ಲ. ಕಂಡಕ್ಟರ ಶಾಲೆಯ ಗೇಟಿನ ಮುಂದೆ ಸೀಟಿ ಊದಿ ಬಸ್ಸು ನಿಲ್ಲಿಸಿದ. ತೊಗರಿ ಚೀಲದವರು, ಕೂಲಿಗೆ ಹೊರಟ ಹೆಂಗಸರು, ದವಾಖಾನೆಗೆ ಹೊರಟ ಮುದುಕಿ, ಎಲ್ಲರೂ ಇಳಿದು ಹೆಡ್ಮಾಸ್ತರರ ಕೋಣೆಗೆ ನುಗ್ಗಿದರು. ಬಸ್ಸು ಎಂದೆಂದು ಎಲ್ಲೆಲ್ಲಿ ಕೆಟ್ಟು ನಿಂತಿತ್ತೆಂದು ಒಮ್ಮೆಲೇ ಹೇಳತೊಡಗಿದರು. ಮುದುಕಿಯಂತೂ ತನ್ನ ಮೊಣಕಾಲು ನೋವನ್ನೂ ಸಾಕ್ಷಿಗೆ ಸೇರಿಸಿದಳು. ಅಷ್ಟು ಭಯದಲ್ಲೂ ನನಗೆ ನಗು ತಡೆಯಲಾಗಲಿಲ್ಲ.

ಹೆಡ್ಮಾಸ್ತರರು ಅರ್ಜಿಯನ್ನು ಎರಡು ಸಲ ಓದಿದರು. ಎಲ್ಲರನ್ನೂ ಹೊರಗೆ ಕಳಿಸಿ, ನನ್ನನ್ನು ಎದುರಿನ ಕುರ್ಚಿಯಲ್ಲಿ ಕೂಡಿಸಿದರು.

"ಬಸ್ಸಿನವರ ಮಾತು ಕೇಳೀನಿ. ಈಗ ನಿಂದು ಹೇಳವಾ."

ಮನೆಯಲ್ಲಿ ಬಜಾರಿ ಎನಿಸಿಕೊಂಡವಳು ನಾನು. ಆದರೂ ನನ್ನದನ್ನು ಹೇಳೆಂದು ಅಲ್ಲಿಯವರೆಗೆ ಯಾವ ಹಿರಿಯರೂ ಅಂದಿರಲಿಲ್ಲ. ಹಾಗೆ ಕೇಳಿದವರ ಮುಂದೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಎಲ್ಲಾ ದಿನ ಬಸ್ಸಿಂದೇ ತಪ್ಪಲ್ರಿ ಸರ. ಮೂರು ದಿನ ಬಸ್‌ಸ್ಟ್ಯಾಂಡಿನಾಗ ಭಜಿ ತಿನ್ಕೋತ ನಿಂತಿದ್ದೆ."

ಅವರು ಕನ್ನಡಕ ತೆಗೆದಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕರು. ಭಜಿಯ ಮೂರು ದಿನ ಬಿಟ್ಟು ಉಳಿದದ್ದೆಲ್ಲ ಹಾಜರಿಯೆಂದು ತಿದ್ದಿ, ನನ್ನ ಹೆಸರನ್ನು ಮತ್ತೆ ಬರೆದರು. ಮೊದಲೇ ಕೇಳಬೇಕಿತ್ತು, ತಪ್ಪಾಯಿತು ಎಂದೂ ಅಂದರು. ಆವತ್ತಿನ ಖುಷಿ ಮುಂದೆ ಪಾಸಾದಾಗಲೂ ನನಗೆ ಆಗಲಿಲ್ಲ.

ಸಂಜೆ ಮನೆಗೆ ಬಂದರೆ ಕೊಹಿನೂರದವರು ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಅಪ್ಪ ಮದುವೆಯ ದಿನ ಗೊತ್ತುಮಾಡುವುದರಲ್ಲಿದ್ದ. ಪುಸ್ತಕದ ಚೀಲವನ್ನೂ ಇಳಿಸದೆ ಅವನೆದುರು ಹೋಗಿ ನಿಂತೆ.

"ಅಪ್ಪಾ, ಸಾಲ್ಯಾಗ ನನ್ನ ಮಾತು ಕೇಳಿದ್ರು. ನೀನೂ ಕೇಳು."

ಅಪ್ಪ ಬಂದವರ ಮುಖ ನೋಡಿದ, ನನ್ನ ಮುಖ ನೋಡಿದ. ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟ.

"ಹೇಳು" ಎಂದ.