ಉದ್ದಿನ ಗದ್ದೆಗೆ ಇಳಿದ ಮೊದಲ ಬಸ್ಸು

೧೯೭೮ರ ಜನವರಿ. ಕಾಪುವಿನಿಂದ ಉಡುಪಿಯ ಶಾಲೆಗೆ ಪಾಠ ಮಾಡಲು ನಾನು ದಿನಾ ಮೊದಲ ಬಸ್ಸಿನಲ್ಲಿ ಹೋಗುತ್ತಿದ್ದೆ. ಡ್ರೈವರ್ ಶೀನಣ್ಣನಿಗೆ ಯಕ್ಷಗಾನದ ಹುಚ್ಚು. ಒಂದು ದಿನ, ಹಿಂದಿನ ರಾತ್ರಿಯಿಡೀ ಆಟದಲ್ಲಿ ರಾಜವೇಷ ಹಾಕಿ ಕುಣಿದು, ಮಲಗದೆ ಹಾಗೆಯೇ ಬಂದು ಸ್ಟೇರಿಂಗ್ ಹಿಡಿದಿದ್ದರು. ಕಿವಿಯ ಹಿಂದೆ ಕೆಂಪು ಬಣ್ಣ ಇನ್ನೂ ಅಂಟಿಕೊಂಡಿತ್ತು. ಮಹಾರಾಜರೇ ಬಸ್ಸು ಬಿಡುತ್ತಿದ್ದಾರೆ ಎಂದು ನನಗೆ ಒಳಗೊಳಗೇ ನಗು.

ಮಂಜು ದಟ್ಟವಾಗಿತ್ತು. ತೆಂಗಿನ ಮರಗಳು ತೇಲುತ್ತಾ ಹಿಂದೆ ಸರಿಯುತ್ತಿದ್ದವು. ಮುಂದಿನ ಸೀಟಿನಲ್ಲಿದ್ದ ನಾನು ಕನ್ನಡಿಯಲ್ಲಿ ನೋಡುತ್ತೇನೆ, ಶೀನಣ್ಣನ ಕಣ್ಣು ಮುಚ್ಚಿದೆ! ನಾನು ಕೂಗುವಷ್ಟರಲ್ಲಿ ಬಸ್ಸು ಮೆಲ್ಲಗೆ ಡಾಮರು ಬಿಟ್ಟು, ಉದ್ದಿನ ಗದ್ದೆಗೆ ಇಳಿದು, ಮೆತ್ತನೆಯ ಮಣ್ಣಿನಲ್ಲಿ ನಿಂತಿತು. ಬೆಳ್ಳಕ್ಕಿಗಳು ಹಾರಿದವು. ಎಲ್ಲರೂ ಒಂದೇ ಕನಸಿನೊಳಗೆ ಕುಳಿತಂತಿತ್ತು. ದೇವರ ದಯೆ, ಒಬ್ಬರಿಗೂ ಗಾಯವಾಗಲಿಲ್ಲ.

ಅದೇ ಬಸ್ಸಿನಲ್ಲಿ ಮಲ್ಪೆ ಬಂದರಿಗೆ ಮೀನು ತರಲು ಹೊರಟಿದ್ದ ಗಿರಿಜಕ್ಕ, ಪೊಲೀಸರು ಬರುವ ಮೊದಲೇ ಎಲ್ಲರಿಗೂ ಹೇಳಿಕೊಟ್ಟರು. "ದನ ಅಡ್ಡ ಬಂತು ಅಂತ ಹೇಳಿ. ಲೈಸೆನ್ಸ್ ಹೋದರೆ ಇವನ ಮಕ್ಕಳಿಗೆ ಗಂಜಿಗೆ ಎಂತ ಉಂಟು?"

ಬಂದ ಇನ್ಸ್‌ಪೆಕ್ಟರ್ ಎಲ್ಲರ ಬಾಯಲ್ಲೂ ದನದ ಕಥೆ ಕೇಳಿ, ಮುಂದಿನ ಸೀಟಿನಲ್ಲಿದ್ದವರು ಯಾರೆಂದು ವಿಚಾರಿಸಿ, ನೇರ ನನ್ನ ಕಡೆಗೇ ತಿರುಗಿದರು. "ಟೀಚರ್, ನೀವು ಮುಂದೆಯೇ ಇದ್ದಿರಲ್ಲ. ದನ ಬಂದದ್ದು ಹೌದಾ?"

ಹೌದೆಂದರೆ ಸುಳ್ಳು, ಇಲ್ಲವೆಂದರೆ ಒಂದು ಮನೆಯ ಒಲೆ ಆರುತ್ತದೆ. ಅಷ್ಟರಲ್ಲಿ ಶೀನಣ್ಣ ಮುಂದೆ ಬಂದರು.

"ಟೀಚರ ಹತ್ತಿರ ಕೇಳುವುದು ಬೇಡ ಸಾರ್. ದನವೂ ಇಲ್ಲ, ಗಿನವೂ ಇಲ್ಲ. ನನಗೆ ನಿದ್ದೆ ಬಂತು."

ಗಿರಿಜಕ್ಕ ಹಣೆ ಚಚ್ಚಿಕೊಂಡರು. "ಎಂತ ಮಾರಾಯ ನೀನು! ಆಟ ಮುಗಿದು ಬೆಳಗಾಯಿತು, ಇನ್ನೂ ರಾಜನ ಮಾತು ಎಂತಕ್ಕೆ?"

ಶೀನಣ್ಣ ನಗಲಿಲ್ಲ. ಅಂಗಿಯ ಕಿಸೆಯಿಂದ ಲೈಸೆನ್ಸ್ ತೆಗೆದು ಎರಡೂ ಕೈಯಲ್ಲಿ ಕೊಟ್ಟರು. ನನಗೆ ಅಳುವೇ ಬಂತು.

ಲೈಸೆನ್ಸ್ ಕೆಲವು ತಿಂಗಳು ಅಮಾನತಾಯಿತು. ಗಿರಿಜಕ್ಕನೇ ಬೈಯುತ್ತಾ ಬೈಯುತ್ತಾ ಮಲ್ಪೆಯಲ್ಲಿ ಐಸ್ ಹೊರುವ ಕೆಲಸ ಕೊಡಿಸಿದರು. ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ನೋಡಿದರೆ, ಮತ್ತೆ ಶೀನಣ್ಣನೇ ಡ್ರೈವರ್!

"ವೇಷ ಬಿಟ್ಟಿರಾ?" ಎಂದು ಕೇಳಿದೆ.

"ಬಿಡುವುದಾ? ಶನಿವಾರ ಮಾತ್ರ ಟೀಚರ್. ಆದಿತ್ಯವಾರ ನನಗೆ ರಜೆ ಅಲ್ವಾ!"

ಆಮೇಲೆ ಎಷ್ಟೋ ವರ್ಷ ಎಷ್ಟೋ ಬಸ್ಸು ಹತ್ತಿದೆ. ಎಲ್ಲದರಲ್ಲೂ ಡ್ರೈವರನ ಕಣ್ಣನ್ನೇ ನೋಡುತ್ತಾ ಕೂರುತ್ತಿದ್ದೆ. ಶೀನಣ್ಣನ ಬಸ್ಸಿನಲ್ಲಿ ಮಾತ್ರ ಕಿಟಕಿಗೆ ತಲೆಯಾನಿಸಿ ಉಡುಪಿಯವರೆಗೂ ನಿದ್ದೆ ಮಾಡುತ್ತಿದ್ದೆ.